ಉಜ್ಜನಪ್ಪನವರು ಹೇಳಿದ ಹೊತ್ತು

ಬೆಳಗಿನ ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಾಗಿರುವಾಗಲೇ ಉಜ್ಜನಪ್ಪನವರು ಜಗಲಿಗೆ ಬಂದು ಕುಳಿತುಕೊಳ್ಳುವುದು ಪಿ.ಜೆ. ಬಡಾವಣೆಯ ಆ ಅಡ್ಡರಸ್ತೆಯವರಿಗೆ ಗಡಿಯಾರವಿದ್ದಂತೆ. ಹಿಂಡಿ-ಬೂಸಾದ ಅಂಗಡಿಯನ್ನು ಮಗ ಬಕ್ಕೇಶನಿಗೆ ವಹಿಸಿಕೊಟ್ಟು ಆರು ವರ್ಷಗಳಾಗಿದ್ದರೂ ದನಕರುಗಳ ವಿಷಯಕ್ಕೆ ಜನ ಅಂಗಡಿಗೆ ಹೋಗದೆ ಈ ಜಗಲಿಗೇ ಬರುತ್ತಿದ್ದರು. ಎಮ್ಮೆ ಮೇವು ಬಿಟ್ಟದ್ದು, ಹಸು ಕರುವನ್ನು ಒದ್ದದ್ದು, ಹೊಸದಾಗಿ ಕೊಂಡ ಎತ್ತಿಗೆ ಎಷ್ಟು ಹಲ್ಲು ಬಿದ್ದಿವೆ ಎಂಬುದು, ಎಲ್ಲಕ್ಕೂ ಅವರಲ್ಲಿ ಉತ್ತರವಿತ್ತು. ಅದರಲ್ಲೂ ಹಸು ಬೆದೆಗೆ ಬಂದಿದೆಯೇ, ಬೆದೆ ಹೋಗಿದೆಯೇ, ಡಾಕ್ಟರನ್ನು ಯಾವಾಗ ಕರೆಸಬೇಕು ಎಂಬುದರಲ್ಲಿ ಅವರ ಮಾತು ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. "ಸಾವ್ಕಾರ್ರು ಹೊತ್ತು ಹೇಳ್ಯಾರೆ" ಎಂದರೆ ಬಾತಿಯಿಂದ ಕುಕ್ಕುವಾಡದವರೆಗಿನ ಹಳ್ಳಿಗಳಲ್ಲಿ ಅದಕ್ಕೆ ಮರುಮಾತಿರಲಿಲ್ಲ. ಎಪ್ಪತ್ತು ವರ್ಷದ ಬಾಳಿನಲ್ಲಿ ಅವರು ಗಳಿಸಿದ ಎಲ್ಲದರಲ್ಲಿಯೂ ಅವರಿಗೆ ಹೆಚ್ಚು ಪ್ರಿಯವಾದದ್ದು ಈ ನಂಬಿಕೆಯೇ.

ದೀಪಾವಳಿ ಕಳೆದ ಮರುವಾರ ಬಾತಿಯ ಸಣ್ಣತಿಮ್ಮಪ್ಪ ಬಂದು ಜಗಲಿಯ ತುದಿಯಲ್ಲಿ ಕುಳಿತ.

"ಸಾವ್ಕಾರ್ರೆ, ನಮ್ಮ ಕಪ್ಪು ಹಸಾ ಮೊನ್ನೆಯಿಂದ ಒಂಥರಾ ಆಡ್ತೈತ್ರಿ. ಇವತ್ತು ನೋಡಿದ್ರೆ ಬಾಲಕ್ಕೆ ರಕ್ತ ಹತ್ತೈತೆ. ಡಾಕ್ಟ್ರಿಗೆ ಫೋನ್ ಹಚ್ಚಲೇನ್ರಿ?"

"ಮೊನ್ನೆ ಕೂಗಿತ್ತೇನು?"

"ನಾವು ಮದುವಿಗೆ ಹೋಗಿದ್ವಿ. ಒಂದೇ ಸಮ ಕೂಗ್ತಿತ್ತು ಅಂತ ಪಕ್ಕದ ಮನಿಯೋರು ಅಂದ್ರು."

"ಅದು ನಿನ್ನ ಕರೀತಿತ್ತು, ನೀನು ಹೋಳಿಗಿ ಉಣ್ತಿದ್ದಿ." ಉಜ್ಜನಪ್ಪನವರು ನಕ್ಕರು. "ರಕ್ತ ಕಂಡ ಮ್ಯಾಲೆ ಮುಗೀತು ತಮ್ಮಾ. ಬೆದೆ ಹೋದ ಗುರುತು ಅದು. ಈಗ ಡಾಕ್ಟ್ರು ಬಂದ್ರೂ ಸುಮ್ನೆ ಬಂದಂಗೆ. ಇವತ್ತಿಂದ ಹದಿನೆಂಟು ದಿನ ಎಣಿಸು. ಆಗ ಯಾರ ಮದುವಿಗೂ ಹೋಗಬ್ಯಾಡ, ಕೊಟ್ಟಿಗಿ ಮುಂದೆ ಕೂತಿರು. ಮುಂಜಾನೆ ಕೂಗಿದ್ರೆ ಸಂಜೀಕೆ ಇಂಜೆಕ್ಷನ್ ಕೊಡಿಸು."

ಸಣ್ಣತಿಮ್ಮಪ್ಪ ಬೆರಳು ಮಡಿಸುತ್ತ ಎದ್ದು ಹೋದ. ಉಜ್ಜನಪ್ಪನವರ ಚಪ್ಪಲಿಗಳ ಮೇಲೆ ಗದ್ದವಿಟ್ಟು ಮಲಗಿದ್ದ ಚಿಗರಿ ಒಂದು ಕಣ್ಣು ತೆರೆದು, ಹೋದವನನ್ನು ನೋಡಿ, ಮತ್ತೆ ಮುಚ್ಚಿತು.

ಚಿಗರಿ ಆ ಮನೆಯ ನಾಯಿ. ಹರಿಹರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಡಂ ಆಗಿದ್ದ ಸೊಸೆ ವಾಣಿ, ಜೂನ್ ತಿಂಗಳ ಒಂದು ಸಂಜೆ, ಶಾಲೆಯ ಮೆಟ್ಟಿಲ ಕೆಳಗೆ ನಡುಗುತ್ತಿದ್ದ ಬೂದುಬಣ್ಣದ ಮರಿಯನ್ನು ಟಿಫಿನ್ ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದಿದ್ದಳು. ಲಿಂಗಪೂಜೆಯ ಮನೆಯೊಳಗೆ ನಾಯಿ ಎಂಥದೆಂದು ಉಜ್ಜನಪ್ಪನವರು ಆ ದಿನ ಮುಖ ಗಂಟಿಕ್ಕಿಕೊಂಡೇ ಉಂಡರು. ಎಂಟನೆಯ ದಿನ ಅವರೇ ಹಾಲಿನಲ್ಲಿ ರೊಟ್ಟಿ ನೆನೆಸುತ್ತ, "ಬಾರವ್ವ ಚಿಗರವ್ವ, ಆರೋಗಣಿ ಆಗ್ಲಿ" ಎಂದು ಕರೆಯುತ್ತಿದ್ದುದನ್ನು ಮನೆಯವರೆಲ್ಲ ಅಡುಗೆಮನೆಯ ಕಿಟಕಿಯಿಂದ ನೋಡಿದರು. ನೀಳ ಕಾಲುಗಳ, ಜಿಂಕೆಯಂತೆ ಕಿವಿ ನಿಮಿರಿಸುವ ಆ ಮರಿಗೆ ಚಿಗರಿ ಎಂದು ಹೆಸರಿಟ್ಟವರೂ ಅವರೇ.

ಶಾಲೆಗೆ ಹೊರಟು ನಿಂತಿದ್ದ ವಾಣಿ ಜಗಲಿಗೆ ಬಂದಳು.

"ಮಾವಾರೆ, ಶನಿವಾರ ಚಿಗರಿಗೆ ಲಸಿಕೆ ಹಾಕ್ಸಾಕೆ ಹರಿಹರಕ್ಕೆ ಹೋಗಿದ್ನಲ್ಲ, ಅಲ್ಲಿ ಡಾಕ್ಟರ್ ಮುಬಶ್ಶಿರಾ ಒಂದು ಮಾತು ಹೇಳಿದ್ರು. ಇದಕ್ಕೆ ಆರು ತಿಂಗಳು ತುಂಬೈತೆ. ಮೊದಲ್ನೇ ಬೆದೆ ಬರೋಕೆ ಮುಂಚೇನೇ ಆಪರೇಷನ್ ಮಾಡಿಸಿಬಿಟ್ರೆ ಒಳ್ಳೇದಂತೆ. ಮುಂದೆ ಗರ್ಭಕೋಶ ಕೀವಾಗೋದು, ಗಡ್ಡೆ ಆಗೋದು ತಪ್ತೈತಂತೆ."

ಒಳಗಿನಿಂದ ಅತ್ತೆ ಗುರುಶಾಂತಮ್ಮನವರು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದರು.

"ಅಯ್ ಶಿವನೇ! ಇನ್ನೂ ಕೂಸು ಅದು. ಒಂದು ಸಲನಾದ್ರೂ ತಾಯಿ ಆಗ್ಲಿ ವಾಣಿ. ಹೆಣ್ಣು ಜೀವ ಅಂತ ಹುಟ್ಟಿದ ಮ್ಯಾಲೆ ಮಡಿಲು ತುಂಬದಂಗೇ ಹೋಗಬೇಕಾ?"

"ಹಾಕಿದ ಮರಿಗಳನ್ನ ಏನು ಮಾಡೋದು ಅತ್ತೇರೆ?"

"ಕೇಳ್ದೋರಿಗೆ ಕೊಟ್ರಾತು."

"ಗಂಡುಮರಿ ಆದ್ರೆ ಕೇಳ್ತಾರೆ. ಹೆಣ್ಣುಮರಿ ಅಂದ್ರೆ ಯಾರೂ ಕೈಗೆತ್ತಿಕೊಳ್ಳಲ್ಲ. ಇದನ್ನ ನಮ್ಮ ಶಾಲಿ ಮೆಟ್ಲ ಕೆಳಗೆ ಬಿಟ್ಟುಹೋದೋರೂ ಅದಕ್ಕೇ ಬಿಟ್ಟಿರ್ಬೇಕು."

ಗುರುಶಾಂತಮ್ಮನವರು ಗಂಡನ ಮುಖ ನೋಡಿದರು. ಉಜ್ಜನಪ್ಪನವರು ಚಿಗರಿಯ ನೆತ್ತಿಯ ಮೇಲೆ ಕೈಯಿಟ್ಟರು. ಅವರ ಕಣ್ಣಿಗೆ ಅಲ್ಲಿ ಕಾಣುತ್ತಿದ್ದದ್ದು ಕುಕ್ಕುವಾಡದ ತಮ್ಮ ಹಳೆಯ ಕೊಟ್ಟಿಗೆಯ ಎಳೆಯ ಕಡಸುಗಳು.

"ಕಡಸನ್ನ ಯಾರಾದ್ರೂ ಗೊಡ್ಡು ಮಾಡ್ತಾರೇನವ್ವ? ಆ ಡಾಕ್ಟ್ರು ಹುಡುಗಿ ಓದಿದ್ದು ಹೇಳ್ಯಾಳೆ, ತಪ್ಪಲ್ಲ. ಆದ್ರೆ ಒಂದು ಬೆದೆ ಬಂದು ಹೋಗ್ಲಿ, ಮೈ ಕಟ್ಲಿ. ಆಮ್ಯಾಲೆ ನೋಡೋಣಂತೆ. ಹೊತ್ತು ನಾನು ಹೇಳ್ತೀನಿ."

ಆ ಮನೆಗೆ ಬಂದು ಹದಿಮೂರು ವರ್ಷಗಳಾಗಿದ್ದ ವಾಣಿಗೆ, "ಹೊತ್ತು ನಾನು ಹೇಳ್ತೀನಿ" ಎಂಬ ಮಾತಿನ ಮುಂದೆ ರಸ್ತೆಯಿಲ್ಲವೆಂಬುದು ಗೊತ್ತಿತ್ತು. ಆ ಮಾತನ್ನು ಆಡಿದವರು ಚಿಗರಿಯನ್ನು ತನಗಿಂತ ಒಂದು ಗುಲಗಂಜಿಯಷ್ಟೂ ಕಡಿಮೆ ಪ್ರೀತಿಸುವವರಲ್ಲವೆಂಬುದೂ ಗೊತ್ತಿತ್ತು. ಅವಳು ಬಸ್ಸಿಗೆ ಹೊರಟಳು.

ಜನವರಿಯ ಕೊನೆಯ ವಾರದಲ್ಲಿ ಚಿಗರಿ ಒಂಬತ್ತು ತಿಂಗಳಿನದಾಯಿತು. ಒಂದು ಬೆಳಿಗ್ಗೆ ಜಗಲಿಯ ನೆಲದ ಮೇಲೆ ರಕ್ತದ ಹನಿಗಳನ್ನು ಕಂಡ ವಾಣಿ, ಅದನ್ನು ಹಿತ್ತಲಿಗೆ ಕರೆದೊಯ್ದು ಕಟ್ಟಿ, ಗೇಟಿಗೆ ಚಿಲಕ ಹಾಕಿ ಬಂದಳು. ಅದೇ ಹೊತ್ತಿಗೆ ಸಣ್ಣತಿಮ್ಮಪ್ಪ ಒಂದು ಚೀಲ ಅವರೆಕಾಯಿ ಹೊತ್ತುಕೊಂಡು, ಮುಖದ ತುಂಬ ನಗೆ ತುಂಬಿಕೊಂಡು ಬಂದಿದ್ದ.

"ಸಾವ್ಕಾರ್ರೆ, ನೀವು ಹೇಳಿದ ದಿನಕ್ಕೇ ಕೂಗ್ತ್ರಿ! ಸಂಜೀಕೆ ಇಂಜೆಕ್ಷನ್ ಕೊಡಿಸ್ದೆ. ನಿನ್ನೆ ಡಾಕ್ಟ್ರು ಕೈ ಹಾಕಿ ನೋಡಿ, ಗಬ್ಬ ನಿಂತೈತೆ ಅಂದ್ರು. ನಿಮ್ಮ ಬಾಯಾಗೆ ಏನೈತೋ ನಾ ಕಾಣೆ!"

"ಬಾಯಾಗೇನಿಲ್ಲ ತಮ್ಮಾ, ಕಣ್ಣಾಗೈತೆ." ಉಜ್ಜನಪ್ಪನವರು ಮೀಸೆಯ ತುದಿಯನ್ನು ಮುಟ್ಟಿಕೊಂಡರು. ಹಿತ್ತಲಿನಿಂದ ಚಿಗರಿಯ ಕುಂಯ್‌ಗುಡುವ ಸದ್ದು ಕೇಳಿ, "ಯಾಕ ಕಟ್ಟೀರಿ ಅದನ್ನ?" ಎಂದರು.

"ಬೆದೆಗೆ ಬಂದೈತೆ ಮಾವಾರೆ. ರಕ್ತ ಕಂಡಿತು. ಬೀದಿಯ ಗಂಡುನಾಯಿಗಳು ಬರ್ತಾವೆ ಅಂತ..."

ಉಜ್ಜನಪ್ಪನವರು ಎದ್ದು ಹೋಗಿ ನೋಡಿ ಬಂದರು.

"ರಕ್ತ ಕಂಡಿತಲ್ಲ, ಇನ್ನೇನು? ನಮಗೆ ತಿಳೀದಂಗೇ ಬಂದು ಹೋಗೈತೆ ಅದು. ಬಿಚ್ಚು."

ವಾಣಿ ಫೋನನ್ನು ಕೈಗೆತ್ತಿಕೊಂಡಳು. "ಒಂದ್ಸಲ ಡಾಕ್ಟ್ರನ್ನ ಕೇಳ್ತೀನಿ ಮಾವಾರೆ."

ಉಜ್ಜನಪ್ಪನವರ ಮುಖ ಸಣ್ಣದಾಯಿತು. ಹೊರಗಿನವನೊಬ್ಬ ಎದುರಿಗಿದ್ದ, ಅದೂ ತಮ್ಮ ಮಾತಿನ ಫಲವನ್ನು ಈಗ ತಾನೇ ಹೊತ್ತು ತಂದವನು. "ಕೇಳವ್ವಾ, ಕೇಳು. ನಲವತ್ತು ವರ್ಷ ದನದ ಬಾಲ ಹಿಡಿದಿದ್ದು ಸಾಲಲಿಲ್ಲ, ಇನ್ನು ಹರಿಹರದಿಂದ ಪಾಠ ಕಲೀತೀನಿ" ಎಂದರು. ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಾಗಿತ್ತು. ವಾಣಿ ಸಣ್ಣತಿಮ್ಮಪ್ಪನ ಕಡೆ ಒಮ್ಮೆ ನೋಡಿ ಫೋನನ್ನು ಚೀಲಕ್ಕೆ ಹಾಕಿಕೊಂಡಳು. ಹೋಗಿ ಚಿಗರಿಯನ್ನು ಬಿಚ್ಚಿದಳು.

"ಹಂಗಾದ್ರೆ ನಾಯಿಗೂ ಹಸದ ಲೆಕ್ಕಾನೇ ಅನ್ರಿ" ಎಂದ ಸಣ್ಣತಿಮ್ಮಪ್ಪ. "ನಮ್ಮನ್ಯಾಗೂ ಒಂದು ಕೆಂಚಿ ಅಂತ ಐತ್ರಿ. ಬೆದೆ ಬಂದಾಗೆಲ್ಲ ಅದನ್ನ ಕಟ್ಟೋದು, ಹಗ್ಗ ಕಡಕೊಂಡು ಓಡೋದು, ದೊಡ್ಡ ರಗಳೆ. ಇನ್ನು ರಕ್ತ ಕಂಡ ಕೂಡ್ಲೆ ಬಿಚ್ಚಿಬಿಡ್ತೀನಿ."

"ಜೀವ ಎಲ್ಲಾ ಒಂದೇ ತಮ್ಮಾ" ಎಂದರು ಉಜ್ಜನಪ್ಪನವರು.

ಮುಂದಿನ ಒಂದು ವಾರ ಅವರ ಮಾತೇ ಗೆದ್ದಂತೆ ಕಂಡಿತು. ಗೇಟಿನ ಬಳಿ ನಾಲ್ಕಾರು ಗಂಡುನಾಯಿಗಳು ಠಳಾಯಿಸಿದವು, ನಿಜ. ಆದರೆ ಹತ್ತಿರ ಬಂದವನ್ನು ಚಿಗರಿ ಹಲ್ಲು ಕಿರಿದು ಅಟ್ಟುತ್ತಿತ್ತು. "ನೋಡಿದ್ರೇನು? ಬೆದೆ ಮುಗಿದಿದ್ದಕ್ಕೇ ಹತ್ರ ಸೇರಿಸವಲ್ದು" ಎಂದು ಉಜ್ಜನಪ್ಪನವರು ಮನೆಯವರಿಗೆಲ್ಲ ತೋರಿಸಿ ಹೇಳಿದರು. ಬರಬರುತ್ತ ರಕ್ತ ತಿಳಿಯಾಗಿ ನಿಂತೇಹೋಯಿತು. ಅದಾದ ಎರಡನೆಯ ದಿನ ಹಾಲಿನವನು ತೆರೆದಿಟ್ಟ ಗೇಟಿನಿಂದ ಹೊರಬಿದ್ದ ಚಿಗರಿ ಮಧ್ಯಾಹ್ನದವರೆಗೆ ಕಾಣಲಿಲ್ಲ. ಮೈಗೆಲ್ಲ ಧೂಳು ಮೆತ್ತಿಕೊಂಡು ಹಿಂದಿರುಗಿ, ನೀರು ಕುಡಿದು, ಚಪ್ಪಲಿಯ ಮೇಲೆ ಗದ್ದವಿಟ್ಟು ಮಲಗಿತು. ಯಾರೂ ಅದನ್ನು ಹೆಚ್ಚು ಮನಸ್ಸಿಗೆ ತಂದುಕೊಳ್ಳಲಿಲ್ಲ.

ಮಾರ್ಚ್ ತಿಂಗಳಲ್ಲಿ ಚಿಗರಿಯ ಹೊಟ್ಟೆ ತುಂಬಿಕೊಂಡದ್ದನ್ನು ಮೊದಲು ಕಂಡವರು ಗುರುಶಾಂತಮ್ಮನವರು. ಅವರ ಸಂತೋಷಕ್ಕೆ ಮೇರೆಯಿರಲಿಲ್ಲ. ಶುಕ್ರವಾರ ನೋಡಿ, ಹಸಿರು ಕುಪ್ಪಸದ ಕಣದ ಅಂಚನ್ನು ಹರಿದು ಚಿಗರಿಯ ಕೊರಳಿಗೆ ಕಟ್ಟಿ, ಕುಂಕುಮವಿಟ್ಟು, ತುಪ್ಪದ ಅನ್ನ ಬಡಿಸಿದರು. ಅಕ್ಕಪಕ್ಕದ ಹೆಂಗಸರು ಬಂದು ನಕ್ಕು, ಆರತಿಯನ್ನೂ ಎತ್ತಿದರು. "ಅವ್ವಾ, ಬಾಣಂತಿ ಕೋಣೆಗೆ ಎ.ಸಿ. ಹಾಕ್ಸಬೇಕೇನು?" ಎಂದು ಬಕ್ಕೇಶ ರೇಗಿಸಿದ. ವಾಣಿ ಮಾತ್ರ ನಗದೆ ಬಸ್ಸಿಗೆ ಹೊರಟಳು. ಉಜ್ಜನಪ್ಪನವರು ಅದನ್ನು ಗಮನಿಸಿ, "ಆ ಹಾಲಿನವನಿಗೆ ಗೇಟು ಹಾಕೋದು ಯಾರು ಕಲಿಸ್ಬೇಕು" ಎಂದು ಎರಡು ಸಲ ಗೊಣಗಿದರು. ಬೆದೆ ಮುಗಿದಿದ್ದರೆ ತೆರೆದ ಗೇಟಿನಿಂದ ಏನಾಗಬೇಕಿತ್ತು ಎಂದು ಅವರನ್ನು ಯಾರೂ ಕೇಳಲಿಲ್ಲ. ಆ ಪ್ರಶ್ನೆಯನ್ನು ಅವರೇ ಕೇಳಿಕೊಂಡು, ಉತ್ತರ ಸಿಗುವ ಮೊದಲೇ ಬೇರೆ ಕಡೆ ತಿರುಗಿಬಿಡುತ್ತಿದ್ದರು.

ಏಪ್ರಿಲ್ ಮೊದಲ ವಾರ ಚಿಗರಿ ಆರು ಮರಿಗಳನ್ನು ಹಾಕಿತು. ಅವುಗಳಲ್ಲಿ ಎರಡು, ಮೂರನೆಯ ದಿನಕ್ಕೇ ಸತ್ತುಹೋದವು. ಉಳಿದ ನಾಲ್ಕು ಹಗಲೂ ಇರುಳೂ ಅದರ ಹೊಟ್ಟೆಗೆ ಅಂಟಿಕೊಂಡಿರುತ್ತಿದ್ದವು. ಇನ್ನೂ ವರ್ಷ ತುಂಬದ ಚಿಗರಿ, ತಾನು ಆಡಬೇಕೋ ಹಾಲೂಡಿಸಬೇಕೋ ತಿಳಿಯದೆ, ಒಮ್ಮೊಮ್ಮೆ ಉಜ್ಜನಪ್ಪನವರ ಚಪ್ಪಲಿಯನ್ನು ಕಚ್ಚಿಕೊಂಡು ಆಟಕ್ಕೆ ಬರುವುದು. ಮರಿಗಳ ಸದ್ದು ಕೇಳಿದೊಡನೆ ಬಿಟ್ಟು ಓಡುವುದು. ಎಷ್ಟು ಹಾಕಿದರೂ ಅದರ ಪಕ್ಕೆಯ ಎಲುಬುಗಳು ದಿನದಿನಕ್ಕೆ ಎದ್ದು ಕಾಣತೊಡಗಿದವು. ಗುರುಶಾಂತಮ್ಮನವರ ಸಡಗರ ಮೆಲ್ಲಗೆ ಇಳಿದು, ಆ ಜಾಗಕ್ಕೆ ಒಂದು ಬಗೆಯ ಅಳುಕು ಬಂದು ಕುಳಿತಿತು.

ಆ ತಿಂಗಳ ಕೊನೆಯ ಗುರುವಾರ ಸಣ್ಣತಿಮ್ಮಪ್ಪ ಫೋನು ಮಾಡಿದ. "ಸಾವ್ಕಾರ್ರೆ, ನಮ್ಮ ಕೆಂಚಿಗೂ ನಿನ್ನೆ ರಕ್ತ ಕಂಡ್ತ್ರಿ. ನೀವು ಹೇಳ್ದಂಗೆ ಬಿಚ್ಚಿಬಿಟ್ಟೀನಿ. ಭತ್ತದ ಕಟಾವು ಹತ್ತೈತೆ, ಕಾಯಾಕೂ ಯಾರಿಲ್ಲ. ರಗಳೆ ತಪ್ತು, ಪಾಡಾತು ನೋಡ್ರಿ."

"ಪಾಡಾತು" ಎಂದರು ಉಜ್ಜನಪ್ಪನವರು. ಫೋನಿಟ್ಟ ಮೇಲೆ ಬಹಳ ಹೊತ್ತು ಚಿಗರಿಯ ಮರಿಗಳನ್ನೇ ನೋಡುತ್ತ ಕುಳಿತಿದ್ದರು.

ಭಾನುವಾರ ಮಧ್ಯಾಹ್ನ ಚಿಗರಿ ಮರಿಗಳನ್ನು ಬಿಟ್ಟು ಎದ್ದು ಬಂದು, ಅಂಗಳದ ನಡುವೆ ತಡವರಿಸಿತು. ಕಾಲುಗಳು ಮರದ ಕೋಲಿನಂತೆ ಸೆಟೆದುಕೊಂಡಿದ್ದವು. ಮೈಯೆಲ್ಲ ಅದುರುತ್ತಿತ್ತು. ನಾಲಗೆ ಜೋತುಬಿದ್ದು ಉಸಿರು ತಿದಿಯೊತ್ತಿದಂತೆ ಬರುತ್ತಿತ್ತು. ಉಜ್ಜನಪ್ಪನವರು ನೆಲಕ್ಕೆ ಕುಳಿತು ಅದರ ಕಿವಿಯನ್ನು ಮುಟ್ಟಿ ನೋಡಿದರು. ಕರು ಹಾಕಿದ ಹಸುವಿಗೆ ಹಾಲುಜ್ವರ ಬಡಿದರೆ ಕಿವಿ ತಣ್ಣಗಾಗುತ್ತದೆ, ಹಸು ನೆಲ ಹಿಡಿಯುತ್ತದೆ. ಅದನ್ನವರು ನೂರು ಸಲ ಕಂಡಿದ್ದರು. ಈ ಕಿವಿ ಕೆಂಡದಂತಿತ್ತು. ಅವರು ತಿಳಿದ ಯಾವ ರೋಗಕ್ಕೂ ಇದು ಹೊಂದಿಕೊಳ್ಳಲಿಲ್ಲ. ಚಿಗರಿ ಅವರ ಮುಖವನ್ನು ನೋಡುತ್ತಿತ್ತು, ಆದರೆ ಅವರನ್ನು ಗುರುತಿಸುತ್ತಿರಲಿಲ್ಲ.

"ವಾಣೀ" ಎಂದು ಕೂಗಿದರು. ಆಮೇಲಿನ ಮಾತು ಆ ಮನೆಯಲ್ಲಿ ಅದುವರೆಗೆ ಯಾರೂ ಕೇಳಿದ್ದಲ್ಲ. "ನಂಗೆ ತಿಳೀವಲ್ದವ್ವ. ಫೋನ್ ಹಚ್ಚು."

ಡಾಕ್ಟರ್ ಮುಬಶ್ಶಿರಾ ಅರ್ಧ ನಿಮಿಷ ಕೇಳಿಸಿಕೊಂಡು, "ಮರಿಗಳನ್ನ ಬಿಡಿಸಿ. ಈಗಲೇ ಹೊರಡಿ, ನಾನು ಡ್ರಿಪ್ ತಯಾರು ಮಾಡಿ ಇಟ್ಟಿರ್ತೀನಿ" ಎಂದರು. ರಸ್ತೆಯ ಮೂಲೆಯ ಸ್ಟ್ಯಾಂಡಿನಲ್ಲಿ ತೂಕಡಿಸುತ್ತಿದ್ದ ಹಯಾತ್ ಸಾಬರ ಆಟೋ ಐದು ನಿಮಿಷದೊಳಗೆ ಹರಿಹರದ ದಾರಿ ಹಿಡಿದಿತ್ತು. ಮರಿಗಳ ಬಳಿ ಗುರುಶಾಂತಮ್ಮನವರು ಉಳಿದರು. ಉಜ್ಜನಪ್ಪನವರು ತಮ್ಮ ಬಿಳಿಯ ಪಂಚೆಯ ಮಡಿಲಲ್ಲಿ ಚಿಗರಿಯನ್ನು ಅವುಚಿಕೊಂಡು, ಒದ್ದೆಬಟ್ಟೆಯಿಂದ ಅದರ ಮುಖವನ್ನು ಒರೆಸುತ್ತಿದ್ದರು. ದಾರಿಯುದ್ದಕ್ಕೂ ಅವರು ಆಡಿದ್ದು ಒಂದೇ ಮಾತು. "ಸಾಬ್ರೆ, ಸ್ವಲ್ಪ ಜಲ್ದಿ."

"ಜಲ್ದೀನೇ ಐತೆ ಸಾವ್ಕಾರ್ರೆ. ಇನ್ನೂ ಜಲ್ದಿ ಅಂದ್ರೆ ಇದಕ್ಕೆ ರೆಕ್ಕೆ ಕಟ್ಬೇಕು" ಎಂದ ಹಯಾತ್ ಸಾಬ್, ಹಾರ್ನಿನ ಮೇಲಿನ ಕೈ ತೆಗೆಯಲಿಲ್ಲ.

ಡಾಕ್ಟರರ ಚಿಕ್ಕ ದವಾಖಾನೆಯಲ್ಲಿ, ಮುಂಗಾಲಿನ ನರಕ್ಕೆ ಹನಿಹನಿಯಾಗಿ ಕ್ಯಾಲ್ಸಿಯಂ ಇಳಿಯಿತು. ಡಾಕ್ಟರ್ ಒಂದು ಕೈಯಲ್ಲಿ ಸ್ಟೆತಾಸ್ಕೋಪ್ ಒತ್ತಿ ಹಿಡಿದು, ಎದೆಬಡಿತವನ್ನು ಕೇಳುತ್ತ, ಕಣ್ಣನ್ನು ಹನಿಯ ಮೇಲಿಂದ ಕೀಳಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ಅದುರುವುದು ನಿಂತಿತು. ಸೆಟೆದ ಕಾಲುಗಳು ಸಡಿಲವಾದವು. ಚಿಗರಿ ತಲೆಯೆತ್ತಿ ಸುತ್ತ ನೋಡಿ, ಉಜ್ಜನಪ್ಪನವರ ಹೆಬ್ಬೆರಳನ್ನು ಒಮ್ಮೆ ನೆಕ್ಕಿತು. ಅವರು ಕನ್ನಡಕ ತೆಗೆದು, ಒರೆಸುವ ಅಗತ್ಯವಿಲ್ಲದಿದ್ದರೂ ಒರೆಸತೊಡಗಿದರು.

"ಇನ್ನು ಭಯ ಇಲ್ಲ ಅಜ್ಜಾರೆ" ಎಂದರು ಡಾಕ್ಟರ್. "ಇದೂ ಹಾಲುಜ್ವರಾನೇ. ಹಸಕ್ಕೆ ಮೈ ತಣ್ಣಗಾಗ್ತೈತೆ, ನಾಯಿಗೆ ಸುಡ್ತೈತೆ. ಇದಿನ್ನೂ ತಾನೇ ಮರಿ. ತನ್ನ ಮೂಳೆ ಬಲೀಬೇಕಾದ ವಯಸ್ಸಿನಾಗೆ ಮೈಯಾಗಿದ್ದದ್ದನ್ನೆಲ್ಲ ಹಾಲಿಗೆ ಹಾಕಿಬಿಟ್ಟೈತೆ. ಮೊದಲ ಬೆದೇಲೇ ಗಬ್ಬ ಆತಲ್ಲ, ಕಟ್ಟಿ ಹಾಕಿರ್ಲಿಲ್ವಾ?"

ವಾಣಿ ಮಾವನವರ ಕಡೆ ನೋಡದೆ, "ಕಟ್ಟಿದ್ವಿ..." ಎಂದು ನಿಲ್ಲಿಸಿದಳು.

"ನಾನು ಬಿಚ್ಚಿಸ್ದೆ" ಎಂದರು ಉಜ್ಜನಪ್ಪನವರು. "ರಕ್ತ ಕಂಡಿತು. ಬೆದೆ ಮುಗೀತು ಅಂತ ಬಿಚ್ಚಿಸ್ದೆ."

ಡಾಕ್ಟರ್ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡರು. "ಹಸಕ್ಕೆ ಆಗಿದ್ರೆ ನೀವು ಹೇಳಿದ್ದು ನೂರಕ್ಕೆ ನೂರು ಸರಿ ಅಜ್ಜಾರೆ. ನಮ್ಮ ಡಾಕ್ಟ್ರು ಹುಡುಗರು ಎಷ್ಟೋ ಜನಕ್ಕೆ ಅದು ಗೊತ್ತಿರಲ್ಲ. ಆದ್ರೆ ನಾಯೀದು ತಿರುಗಾಮುರುಗಾ. ರಕ್ತ ಕಂಡಾಗ ಅದಕ್ಕೆ ಬೆದೆ ಶುರು. ಮೊದಲ ಎಂಟೊಂಬತ್ತು ದಿನ ಗಂಡನ್ನ ಹತ್ರ ಸೇರಿಸಲ್ಲ, ಕಚ್ಚಾಕೆ ಹೋಗ್ತೈತೆ. ರಕ್ತ ತಿಳಿಯಾಗಿ ನಿಂತಂಗಾದಾಗ ಸೇರಿಸ್ತೈತೆ. ಎಲ್ಲಾ ಕೂಡಿ ಮೂರು ವಾರ ಕಾಯಬೇಕು."

ಉಜ್ಜನಪ್ಪನವರು ಒಂದೊಂದೇ ಮಾತನ್ನು ಕೇಳುತ್ತ ಹೋದಂತೆ, ಗೇಟಿನ ಬಳಿ ಹಲ್ಲು ಕಿರಿಯುತ್ತಿದ್ದ ಚಿಗರಿ, ತಿಳಿಯಾದ ರಕ್ತ, ಧೂಳು ಮೆತ್ತಿಕೊಂಡು ಬಂದ ಮಧ್ಯಾಹ್ನ, ಒಂದರ ಹಿಂದೊಂದು ತಮ್ಮ ತಮ್ಮ ಜಾಗದಲ್ಲಿ ಬಂದು ನಿಂತವು. ಹಾಲಿನವನ ಮೇಲೆ ಹೊರಿಸಲು ಇನ್ನೇನೂ ಉಳಿದಿರಲಿಲ್ಲ.

"ಒಂದು ಸಲ ತಾಯಿ ಆಗ್ಲಿ ಅಂತ ನಮ್ಮನಿಯಾಕಿ..." ಎಂದರು ಮೆಲ್ಲಗೆ.

"ಎಲ್ಲರ ಮನ್ಯಾಗೂ ಅಂತಾರೆ. ನಮ್ಮಮ್ಮನೂ ನಮ್ಮ ಬೆಕ್ಕಿಗೆ ಅಂದಿದ್ರು." ಡಾಕ್ಟರ್ ನಕ್ಕರು. "ಹೆರಬೇಕು ಅನ್ನೋ ಆಸೆ ಅದಕ್ಕಿರಲ್ಲ ಅಜ್ಜಾರೆ. ಹೆರದಿದ್ರೆ ಅದರ ಆರೋಗ್ಯಕ್ಕೂ ಏನೂ ಕಮ್ಮಿ ಆಗಲ್ಲ. ಆಸೆ ನಮ್ದು, ಪಾಪ ಹೆರೋದು ಅದು."

ಡ್ರಿಪ್ಪಿನ ಬಾಟಲಿ ಬರಿದಾಯಿತು. ಉಜ್ಜನಪ್ಪನವರು ಎದ್ದು ನಿಂತು, ಮೊಮ್ಮಗಳ ವಯಸ್ಸಿನ ಆ ಹೆಣ್ಣುಮಗಳ ಮುಂದೆ ಕೈಕಟ್ಟಿಕೊಂಡು ಕೇಳಿದರು:

"ಆಪರೇಷನ್ ಯಾವಾಗ ಮಾಡಿಸ್ಬೇಕು ಡಾಕ್ಟ್ರೆ? ಹೊತ್ತು ನೀವು ಹೇಳ್ರಿ."

"ಮರಿಗಳಿಗೆ ಇವತ್ತಿಂದ ಗಂಜಿ ರೂಢಿ ಮಾಡ್ರಿ, ಇದರ ಹಾಲು ಬಿಡಿಸ್ರಿ. ಎರಡು ತಿಂಗಳಾಗೆ ಮೈ ಹಿಡೀತೈತೆ. ಮುಂದಿನ ಬೆದೆ ಬರೋಕೆ ಮುಂಚೆ, ಜೂನ್ ಕೊನೇಗೆ ಕರಕೊಂಡು ಬರ್ರಿ."

"ಇನ್ನೊಂದು ಮಾತು" ಎಂದರು ಉಜ್ಜನಪ್ಪನವರು. "ಈಗ ಬೆದೇಲಿರೋ ನಾಯಿ ಐತೆ ಅಂತ ತಿಳೀರಿ. ಬುಧವಾರ ರಕ್ತ ಕಂಡೈತೆ."

"ಇವತ್ತಿಗೆ ಐದನೇ ದಿನ. ಇನ್ನೂ ಹೊತ್ತೈತೆ. ಇವತ್ತಿಂದ ಹದಿನಾರು ದಿನ ಹೊರಗೆ ಬಿಡಬಾರದು. ಆಮ್ಯಾಲೆ ಎರಡು ತಿಂಗಳು ಬಿಟ್ಟು ಅದಕ್ಕೂ ಮಾಡಬಹುದು."

ಆಟೋ ಹರಿಹರವನ್ನು ಬಿಟ್ಟಾಗ ಬಿಸಿಲು ಇಳಿಯುತ್ತಿತ್ತು. ಚಿಗರಿ ವಾಣಿಯ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಬಾತಿಯ ತಿರುವು ಬರುತ್ತಲೇ ಉಜ್ಜನಪ್ಪನವರು ಮುಂದಕ್ಕೆ ಬಾಗಿ, "ಸಾಬ್ರೆ, ಊರೊಳಗೆ ತಿರುಗಿಸ್ರಿ" ಎಂದರು.

"ಹೋಗ್ತಾ ಆಂಬುಲೆನ್ಸ್, ಬರ್ತಾ ಸಿಟಿ ಬಸ್ಸು!" ಎಂದು ಹಯಾತ್ ಸಾಬ್ ಹ್ಯಾಂಡಲ್ ತಿರುಗಿಸಿದ.

"ಮಾವಾರೆ, ಮನಿಗೆ ಹೋಗಿ ಫೋನ್ ಮಾಡಿದ್ರೆ ಆಗ್ತಿತ್ತಲ್ಲ. ನೀವು ಮಧ್ಯಾಹ್ನದಿಂದ ಉಂಡಿಲ್ಲ" ಎಂದಳು ವಾಣಿ.

"ತಪ್ಪು ಮಾತು ಆಡಿದ್ದು ಎದುರಿಗೆ ಕೂತು. ಸರಿಮಾಡೋದು ಫೋನ್ನಾಗೆ ಬ್ಯಾಡ."

ಸಣ್ಣತಿಮ್ಮಪ್ಪನ ಮನೆಯ ಮುಂದೆ ಗದ್ದೆಯಿಂದ ಹಿಂದಿರುಗಿದವರು ಐದಾರು ಮಂದಿ ಕೈಕಾಲು ತೊಳೆಯುತ್ತಿದ್ದರು. ಸಾವ್ಕಾರರು ಆಟೋದಿಂದ ಇಳಿದದ್ದನ್ನು ಕಂಡು ಸಣ್ಣತಿಮ್ಮಪ್ಪ ಓಡಿ ಬಂದ. ಅವನ ಹೆಂಡತಿ ಉಚ್ಚೆಂಗೆಮ್ಮ ಕುರ್ಚಿ ತಂದು ಸೆರಗಿನಿಂದ ಒರೆಸಿದಳು. "ಬರ್ರಿ, ಕೂಡ್ರಿ. ಏನ್ರಿ ಇದು, ಪಂಚೆಯೆಲ್ಲ ಹಿಂಗಾಗೈತೆ?"

ಉಜ್ಜನಪ್ಪನವರು ಕೂರಲಿಲ್ಲ. "ಕೆಂಚಿ ಎಲ್ಲೈತೆ?"

"ಇಲ್ಲೇ ಎಲ್ಲೋ ತಿರುಗ್ತೈತ್ರಿ. ಬಿಚ್ಚೀನಲ್ಲ."

"ಕರೆದು ಕಟ್ಟು ತಮ್ಮಾ. ನಾನು ಹೇಳಿದ್ದು ತಪ್ಪು."

ಕಾಲು ತೊಳೆಯುತ್ತಿದ್ದವರ ಕೈಗಳು ನಿಂತವು. ಇಷ್ಟು ಜನರ ಎದುರಿಗೆ ಸಾವ್ಕಾರರ ಬಾಯಿಂದ ಇಂಥ ಮಾತು ಬಂದದ್ದು ಸಣ್ಣತಿಮ್ಮಪ್ಪನಿಗೇ ಅವಮಾನವಾದಂತಾಯಿತು. ಅವನು ಅವಸರವಾಗಿ ಹೇಳಿದ: "ಅಯ್ ಬಿಡ್ರಿ, ನೀವೆಲ್ಲಿ ತಪ್ಪು ಹೇಳ್ತೀರಿ. ಹಸದ ಮಾತು ಹೇಳಿರ್ತೀರಿ, ನಾನೇ ನಾಯಿಗೂ ಅಂತ ತಪ್ಪು ತಿಳ್ಕಂಡಿರ್ಬೇಕು."

ದಾರಿ ತೆರೆದಿತ್ತು. ಹೌದೆಂದರೆ ಅಲ್ಲಿಗೆ ಎಲ್ಲವೂ ಮುಗಿಯುತ್ತಿತ್ತು. ಕೆಂಚಿಯನ್ನೂ ಕಟ್ಟಿದಂತಾಗುತ್ತಿತ್ತು, ನಲವತ್ತು ವರ್ಷದ ಮಾತೂ ಉಳಿಯುತ್ತಿತ್ತು. ಆಟೋದೊಳಗಿದ್ದ ವಾಣಿ ಮಾವನವರ ಬೆನ್ನನ್ನು ನೋಡುತ್ತಿದ್ದಳು.

"ಇಲ್ಲ ಸಣ್ಣತಿಮ್ಮಪ್ಪ" ಎಂದರು ಉಜ್ಜನಪ್ಪನವರು. "ನೀನು ಸರಿಯಾಗೇ ತಿಳ್ಕಂಡಿ. ನಾನೇ ತಪ್ಪು ಹೇಳ್ದೆ. ನಂಗೆ ಹಸ ಗೊತ್ತು, ನಾಯಿ ಗೊತ್ತಿರ್ಲಿಲ್ಲ. ಗೊತ್ತಿಲ್ಲ ಅಂತಾನೂ ಗೊತ್ತಿರ್ಲಿಲ್ಲ. ಅಲ್ಲಿ ಆಟೋದಾಗೆ ನಮ್ಮ ಚಿಗರಿ ಮಲಗೈತೆ ನೋಡು, ಸತ್ತು ಬದುಕೈತೆ."

ಮತ್ತೆ ಡಾಕ್ಟರ್ ಹೇಳಿದ್ದನ್ನೆಲ್ಲ ಒಂದೂ ಬಿಡದೆ, ದಿನಗಳ ಸಮೇತ ಹೇಳಿದರು. ಚಿಗರಿಯದಾದ ಮೇಲೆ ಜುಲೈ ನಡುವಿಗೆ ಕೆಂಚಿಯನ್ನೂ ಆಪರೇಷನ್‌ಗೆ ಹರಿಹರಕ್ಕೆ ಕರೆದೊಯ್ಯುವ ಮಾತನ್ನೂ ಆಡಿದರು. ಸಣ್ಣತಿಮ್ಮಪ್ಪ ತಲೆ ತಗ್ಗಿಸಿಕೊಂಡೇ ಕೇಳಿಸಿಕೊಂಡ. ಮೊದಲು ಬಾಯಿ ಹಾಕಿದವಳು ಉಚ್ಚೆಂಗೆಮ್ಮ.

"ನೋಡ್ರಿ, ಸಾವ್ಕಾರ್ರಂಥೋರು ತಪ್ಪಾತು ಅಂದ್ರು. ನಮ್ಮ ಈ ಮಹಾರಾಯ ಇಪ್ಪತ್ತೆರಡು ವರ್ಷದಾಗೆ ಒಂದ್ಸಲ ಅಂದಿದ್ರೆ ಕೇಳ್ರಿ!"

ಎಲ್ಲರೂ ನಕ್ಕರು, ಸಣ್ಣತಿಮ್ಮಪ್ಪನೂ ನಕ್ಕ. ನಕ್ಕ ಮೇಲೆ ಉಚ್ಚೆಂಗೆಮ್ಮ ಸೊಂಟದ ಮೇಲೆ ಕೈಯಿಟ್ಟಳು. "ಎಲ್ಲಾ ಸರಿ. ಆದ್ರೆ ಕಾಯೋರ್ಯಾರು? ಕಟ್ಟಿದ್ರೆ ಹಗ್ಗ ಕಡೀತೈತೆ. ಒಳಗೆ ಕೂಡಿದ್ರೆ ಬಾಗ್ಲು ಕೆರೆದು ಊರು ಒಂದು ಮಾಡ್ತೈತೆ. ಮನುಷ್ಯರು ಹತ್ರ ಇದ್ರೆ ಮಾತ್ರ ಸುಮ್ನಿರ್ತೈತೆ. ನಾವು ಮುಂಜಾನೆ ಗದ್ದಿಗೆ ಹೋದ್ರೆ ಬರೋದು ಈ ಹೊತ್ತಿಗೆ. ಕಟಾವು ಬಿಟ್ಟು ನಾಯಿ ಕಾಯಾಕಾಗ್ತೈತೇನ್ರಿ?"

ಅದು ನ್ಯಾಯವಾದ ಮಾತು. ಉಜ್ಜನಪ್ಪನವರು ಅಂಗಳವನ್ನೂ, ಕೊಟ್ಟಿಗೆಯ ಮುಂದಿನ ಹೊಂಗೆಯ ನೆರಳನ್ನೂ ನಿಧಾನವಾಗಿ ನೋಡಿದರು.

"ಸಂಜೀಕೆ ನೀವು ಒಳಗೆ ಹಾಕ್ಕೊಳ್ರಿ. ಹಗಲು ನಾನು ಬಂದು ಕೂಡ್ತೀನಿ" ಎಂದರು.

ಮನೆಗೆ ಬಂದಾಗ ಗುರುಶಾಂತಮ್ಮನವರು ನಾಲ್ಕು ಮರಿಗಳನ್ನೂ ಸುತ್ತ ಕೂರಿಸಿಕೊಂಡು, ಬೆರಳಿಗೆ ರಾಗಿಗಂಜಿ ಅದ್ದಿ ನೆಕ್ಕಿಸುತ್ತಿದ್ದರು. ನಡೆದದ್ದನ್ನೆಲ್ಲ ವಾಣಿ ಹೇಳಿದಳು. ಗುರುಶಾಂತಮ್ಮನವರು ಚಿಗರಿಯ ಕೊರಳಲ್ಲಿ ಮಾಸಿಹೋಗಿದ್ದ ಹಸಿರು ಅಂಚನ್ನು ಬಿಚ್ಚಿ ಪಕ್ಕಕ್ಕಿಟ್ಟು, ಅದರ ಪಕ್ಕೆಯ ಎಲುಬುಗಳ ಮೇಲೆ ಅಂಗೈ ಆಡಿಸಿದರು. "ಜೂನ್ ಕೊನೇಗೆ ಅಂದ್ರೆ ಯಾವ ತಾರೀಕು ವಾಣಿ? ನಾನೂ ಬರ್ತೀನಿ" ಎಂದರು.

ಸೋಮವಾರದಿಂದ ಪಿ.ಜೆ. ಬಡಾವಣೆಯ ಆ ಜಗಲಿ ಖಾಲಿಯಾಯಿತು. ಪೂಜೆ ಮುಗಿದೊಡನೆ ಹಯಾತ್ ಸಾಬ್ ಬಂದು ಹಾರ್ನ್ ಮಾಡುತ್ತಿದ್ದ. ಉಜ್ಜನಪ್ಪನವರು ಊಟದ ಡಬ್ಬಿ, ನೀರಿನ ಬಾಟಲಿ, ಒಂದು ಬಿದಿರುಕೋಲು ಹಿಡಿದು ಆಟೋ ಹತ್ತುತ್ತಿದ್ದರು. ಬಾತಿಯ ಹೊಂಗೆಯ ಕೆಳಗೆ ಅವರ ಕುರ್ಚಿ, ಕುರ್ಚಿಯ ಕಾಲಿಗೆ ಕಟ್ಟಿದ ಕೆಂಚಿ. ಗಂಡುನಾಯಿಗಳು ಬೇಲಿಯ ಆಚೆ ಸಾಲಾಗಿ ಕುಳಿತು ಕಾಯುತ್ತಿದ್ದವು. ಒಂದು ಹೆಜ್ಜೆ ಮುಂದೆ ಬಂದರೆ ಕೋಲು ನೆಲಕ್ಕೆ ಬಡಿಯುತ್ತಿತ್ತು. ದನದ ಮಾತು ಕೇಳಲು ಬರುವವರು ಮೊದಲೆರಡು ದಿನ ಪಿ.ಜೆ. ಬಡಾವಣೆಗೆ ಹೋಗಿ ಹಿಂದಿರುಗಿದರು. ಆಮೇಲೆ ವಿಷಯ ತಿಳಿದು ಬಾತಿಗೇ ಬರತೊಡಗಿದರು.

ಒಂಬತ್ತನೆಯ ದಿನ ಕುಕ್ಕುವಾಡದಿಂದ ಗೋಣೆಪ್ಪನೆಂಬವನು ಬಂದ. ಬೇಲಿಯ ಆಚೆಯ ನಾಯಿಗಳ ಸಾಲನ್ನೂ, ಕುರ್ಚಿಯ ಮೇಲಿನ ಸಾವ್ಕಾರರನ್ನೂ ಕಂಡು ಅವನಿಗೆ ನಗೆ ತಡೆಯಲಾಗಲಿಲ್ಲ.

"ಏನ್ ಸಾವ್ಕಾರ್ರೆ, ಈ ವಯಸ್ಸಿನಾಗೆ ನಾಯಿ ಕಾಯಾಕ ಕೂತೀರಿ?"

"ಹೌದಪ್ಪ, ಇನ್ನೂ ಎಂಟು ದಿನ ಐತೆ." ಉಜ್ಜನಪ್ಪನವರೂ ನಕ್ಕರು. "ನಿನ್ನ ಎಮ್ಮೀ ಮಾತು ಆಮ್ಯಾಲೆ ಕೇಳ್ತೀನಿ. ಮೊದಲು ಇದು ಹೇಳು, ನಿಮ್ಮನ್ಯಾಗೆ ಹೆಣ್ಣುನಾಯಿ ಐತೇನು?"

"ಐತ್ರಿ. ಹೋದ ದೀಪಾವಳಿಗೆ ತಂದಿದ್ದು. ಯಾಕ್ರಿ?"

ಉಜ್ಜನಪ್ಪನವರು ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ಹೊಂಗೆಯ ಬೇರಿನ ಮೇಲೆ ಅವನಿಗೆ ಜಾಗ ಮಾಡಿದರು.

"ಕೂಡು" ಎಂದರು. "ನಾನೊಂದು ತಪ್ಪು ಮಾಡಿದ್ದೆ, ಅದನ್ನ ಹೇಳ್ತೀನಿ."